ಎಳೆಬಿಸಿಲು, ನೆತ್ತಿಬಿಸಿಲು ಮತ್ತು ಒಂದು ಹಾರ್ಮೋನು

ಕನ್ನಡದಲ್ಲಿ ಬಿಸಿಲಿಗೆ ಒಂದೇ ಹೆಸರಿಲ್ಲ. ಮುಂಜಾನೆಯದು ಎಳೆಬಿಸಿಲು, ಹಿತವಾಗಿ ಮೈಗೆ ತಾಗುವುದು ಹೂಬಿಸಿಲು, ಮಧ್ಯಾಹ್ನದ್ದು ನೆತ್ತಿಬಿಸಿಲು, ಬೇಸಗೆಯದು ಬಿರುಬಿಸಿಲು, ಇಳಿಹೊತ್ತಿನದು ಸಂಜೆಬಿಸಿಲು. ಹೊತ್ತಿಗೊಂದು ಹೆಸರಿಟ್ಟವರಿಗೆ ಇವುಗಳ ಗುಣ ಬೇರೆಬೇರೆ ಎಂಬುದು ಮೈಯಿಂದಲೇ ಗೊತ್ತಿತ್ತು. ಇವತ್ತಿನ ಆರೋಗ್ಯದ ಮಾತುಕತೆಯಲ್ಲಿ ಈ ವ್ಯತ್ಯಾಸ ಮರೆತುಹೋಗಿದೆ. ಮೂಳೆಯ ಡಾಕ್ಟರು ‘ದಿನಾ ಸ್ವಲ್ಪ ಬಿಸಿಲಿಗೆ ಹೋಗಿ’ ಎನ್ನುತ್ತಾರೆ. ಚರ್ಮದ ಡಾಕ್ಟರು ‘ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಕಾಲಿಡಬೇಡಿ’ ಎನ್ನುತ್ತಾರೆ. ಇರುವುದು ಒಂದೇ ಮೈ, ಕೈಯಲ್ಲಿ ಎರಡು ಚೀಟಿ. ಯಾವ ಬಿಸಿಲು, ಎಷ್ಟು ಹೊತ್ತು, ಯಾರ ಮೈಗೆ ಎಂದು ಕೇಳದೆ ಮನೆಗೆ ಬರುತ್ತೇವೆ.

ಬರುವಾಗ ದಾರಿಯಲ್ಲಿ ರಕ್ತ ಕೊಟ್ಟು ಬಂದಿರುತ್ತೇವೆ. ಮರುದಿನ ಮೊಬೈಲಿಗೆ ವರದಿ ಬರುತ್ತದೆ. ವಿಟಮಿನ್ ಡಿ ಎದುರು 14 ಎಂದೋ 11 ಎಂದೋ ಒಂದು ಅಂಕೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಕೊರತೆ’. ಮಂಡಿನೋವಿಗೆ ಅದೇ ಕಾರಣ, ಕೂದಲು ಉದುರುವುದಕ್ಕೂ ಅದೇ, ಸುಸ್ತಿಗೂ ಅದೇ. ಔಷಧಿ ಅಂಗಡಿಯಲ್ಲಿ 60,000 ಯೂನಿಟ್ಟಿನ ಪುಡಿ ಪೊಟ್ಟಣ ಸುಲಭವಾಗಿ ಸಿಗುತ್ತದೆ. ಸೂರ್ಯ ನೆತ್ತಿಯ ಮೇಲೆ ಉರಿಯುವ ನಾಡಿನಲ್ಲಿ ಇಷ್ಟೊಂದು ಜನಕ್ಕೆ ಸೂರ್ಯನಿಂದ ಸಿಗಬೇಕಾದದ್ದೇ ಸಿಕ್ಕಿಲ್ಲ ಎಂಬ ಮಾತು ನಿಜವೇ? ನಿಜವಾದರೆ ಯಾರ ಮಟ್ಟಿಗೆ, ಎಷ್ಟರ ಮಟ್ಟಿಗೆ? ನೂರು ವರ್ಷಗಳ ವೈದ್ಯಕೀಯ ತಿಳಿವಳಿಕೆಯನ್ನು ಒಮ್ಮೆ ತಿರುವಿಹಾಕಿದರೆ ಉತ್ತರದ ದಾರಿ ಕಾಣುತ್ತದೆ.

ಮೊದಲಿಗೆ ಹೆಸರಿನ ಗೊಂದಲ. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮೀನೆಣ್ಣೆಯಲ್ಲಿ ಮೂಳೆಯನ್ನು ಗಟ್ಟಿಮಾಡುವ ಅಂಶವೊಂದನ್ನು ಬೇರ್ಪಡಿಸಿ ತೋರಿಸಿದರು. ಎ, ಬಿ, ಸಿ ಆಗಲೇ ಮುಗಿದಿದ್ದವು, ಇದು ‘ಡಿ’ ಆಯಿತು. ವಿಟಮಿನ್ ಎಂದರೆ ದೇಹ ತಾನೇ ತಯಾರಿಸಿಕೊಳ್ಳಲಾರದ್ದು, ಊಟದಿಂದಲೇ ಬರಬೇಕಾದದ್ದು. ಇದಾದರೋ ನಮ್ಮ ಚರ್ಮದಲ್ಲೇ ಹುಟ್ಟುತ್ತದೆ. ಚರ್ಮದಲ್ಲಿರುವ, ಕೊಲೆಸ್ಟರಾಲಿನ ಹತ್ತಿರದ ನೆಂಟನಂಥ ಒಂದು ವಸ್ತುವಿಗೆ ಸೂರ್ಯನ ಅತಿನೇರಳೆ ಬಿ ಕಿರಣ ತಾಗುತ್ತದೆ. ಆಗ ಅದರ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ, ಮೈಯ ಕಾವಿಗೆ ಅದು ವಿಟಮಿನ್ ಡಿ ಆಗಿ ಮಾರ್ಪಡುತ್ತದೆ. ರಕ್ತದೊಂದಿಗೆ ಯಕೃತ್ತಿಗೆ ಹೋಗಿ ಒಂದು ರೂಪ, ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಇನ್ನೊಂದು ರೂಪ. ಈ ಕೊನೆಯ ರೂಪ ಅಪ್ಪಟ ಹಾರ್ಮೋನು. ಈಸ್ಟ್ರೋಜನ್, ಟೆಸ್ಟೋಸ್ಟಿರಾನ್, ಕಾರ್ಟಿಸಾಲ್‌ಗಳ ಸ್ಟೀರಾಯ್ಡ್ ಬಳಗದ್ದು. ಕರುಳಿಗೆ ಹೋಗಿ ‘ಊಟದಲ್ಲಿರುವ ಕ್ಯಾಲ್ಸಿಯಂ ಒಳಗೆ ತೆಗೆದುಕೋ’ ಎಂದು ಹೇಳುವುದು ಅದರ ಮುಖ್ಯ ಕೆಲಸ. ಎಷ್ಟು ತಯಾರಾಗಬೇಕೆಂಬುದನ್ನು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ನೋಡಿಕೊಳ್ಳುತ್ತವೆ. 1970ರ ಆಸುಪಾಸಿನಲ್ಲಿ ಈ ಹಾದಿ ಪೂರ್ತಿ ಬಿಡಿಸಿಕೊಂಡಾಗ ಹೆಸರು ಬದಲಿಸುವ ಕಾಲ ಮೀರಿತ್ತು.

ಈ ವಿವರ ಬರೀ ಪಾಠಕ್ಕಲ್ಲ. ಲ್ಯಾಬಿನಲ್ಲಿ ಅಳೆಯುವುದು ಯಕೃತ್ತಿನಿಂದ ಬಂದ ಮಧ್ಯದ ರೂಪವನ್ನು, ಎಂದರೆ ದಾಸ್ತಾನನ್ನು. ಕಣಜದಲ್ಲಿ ಎಷ್ಟು ಭತ್ತವಿದೆ ಎಂದು ಅದು ಹೇಳುತ್ತದೆ. ದೇಹ ಉಣ್ಣುವುದು ಮೂತ್ರಪಿಂಡ ಬೇಯಿಸಿಕೊಟ್ಟ ಅನ್ನವನ್ನು. ಕಣಜ ಅರ್ಧ ಇದ್ದ ಮಾತ್ರಕ್ಕೆ ಮನೆಯವರು ಉಪವಾಸವಿದ್ದಾರೆ ಎಂದಲ್ಲ, ತಳ ಕಂಡಿದ್ದರೆ ಮಾತ್ರ ಚಿಂತೆ. ಎರಡನೆಯದು, ಬಿಸಿಲಿನಿಂದ ತಯಾರಾಗುವ ಡಿ ಎಂದೂ ಅತಿಯಾಗುವುದಿಲ್ಲ. ಸಾಕಷ್ಟಾದ ಮೇಲೆ ಅದೇ ಕಿರಣ ಹೆಚ್ಚಿನದನ್ನು ನಿರುಪಯೋಗಿ ವಸ್ತುಗಳಾಗಿ ಒಡೆದುಹಾಕುತ್ತದೆ. ಪೊಟ್ಟಣಕ್ಕೆ ಅಂಥ ಕಡಿವಾಣವಿಲ್ಲ.

ಇನ್ನು ಎಳೆಬಿಸಿಲು. ಎಣ್ಣೆ ಹಚ್ಚಿ ಮೀಯಿಸಿದ ಕೂಸನ್ನು ಬೆಳಗಿನ ಬಿಸಿಲಿಗೆ ಹಿಡಿಯುವುದು ನಮ್ಮ ಮನೆಗಳ ಹಳೆಯ ರೂಢಿ. ‘ಡಿ ವಿಟಮಿನ್ ಬರುತ್ತದೆ’ ಎಂದು ಈಗ ಅದಕ್ಕೆ ಕಾರಣವನ್ನೂ ಕೊಡುತ್ತೇವೆ. ಆದರೆ ಬೆಳಿಗ್ಗೆ ಏಳು ಗಂಟೆಗೆ ಸೂರ್ಯ ಓರೆಯಾಗಿರುತ್ತಾನೆ. ಕಿರಣಗಳು ಓಝೋನ್ ಪದರವನ್ನು ಅಡ್ಡಹಾದು ಬರಬೇಕು, ಹಾಗೆ ಬರುವಾಗ ಬಿ ಕಿರಣಗಳು ಬಹುಪಾಲು ಅಲ್ಲೇ ಹೀರಿಹೋಗುತ್ತವೆ. ಹೊಳಪು ಉಳಿಯುತ್ತದೆ, ಕಾವೂ ಸ್ವಲ್ಪ ಇರುತ್ತದೆ, ಡಿ ತಯಾರಿಸುವ ಕಿರಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ತಿಳಿಯಲು ಯಂತ್ರ ಬೇಡ, ನೆರಳು ಸಾಕು. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಚರ್ಮದಲ್ಲಿ ಡಿ ತಯಾರಾಗುವುದು ತೀರಾ ಕಡಿಮೆ, ಗಿಡ್ಡವಿದ್ದರೆ ಚೆನ್ನಾಗಿ ಆಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ನಡುಹಗಲಲ್ಲೂ ನೆರಳು ನಮ್ಮ ಎತ್ತರದ ಮುಕ್ಕಾಲು ಭಾಗದಷ್ಟೇ ಇರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಂತೂ ಒಂದು ದಿನ ಕಾಲಡಿಯಲ್ಲೇ ಮುಗಿದುಹೋಗುತ್ತದೆ. ಬೋಸ್ಟನ್ನಿನಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಮಟಮಟ ಮಧ್ಯಾಹ್ನ ನಿಂತರೂ ಚರ್ಮದಲ್ಲಿ ಡಿ ಹುಟ್ಟುವುದಿಲ್ಲ. ನಮಗೆ ವರ್ಷವಿಡೀ ಆ ಭಾಗ್ಯವಿದೆ. ತಿರುಪತಿಯಲ್ಲಿ ಹರಿನಾರಾಯಣ್ ಮತ್ತು ಸಂಗಡಿಗರು ಗಾಜಿನ ಸಣ್ಣ ಕೊಳವೆಗಳಲ್ಲಿ ಚರ್ಮದ ಆ ಮೂಲವಸ್ತುವನ್ನು ತುಂಬಿ ಬಿಸಿಲಿಗಿಟ್ಟು ಅಳೆದರು. ಹೆಚ್ಚು ಡಿ ತಯಾರಾದದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ತಿರುಪತಿಯ ಅಕ್ಷಾಂಶವೂ ಬೆಂಗಳೂರಿನದೂ ಹೆಚ್ಚುಕಮ್ಮಿ ಒಂದೇ.

ಹಾಗಾದರೆ ನಮ್ಮ ಅಜ್ಜಿಯರ ಮೂಳೆಗೆ ಡಿ ಎಲ್ಲಿಂದ ಬಂತು? ಎಳೆಬಿಸಿಲಿನಿಂದಲ್ಲ. ಹಪ್ಪಳ, ಸಂಡಿಗೆ ಹರವಲು ತಾರಸಿ ಹತ್ತಿದ್ದರಿಂದ, ಅಡಿಕೆ, ಮೆಣಸಿನಕಾಯಿ ಅಂಗಳದಲ್ಲಿ ಕೆದಕಿದ್ದರಿಂದ, ಹೊಲಕ್ಕೆ ಬುತ್ತಿ ಒಯ್ದದ್ದರಿಂದ. ಯಾರೂ ಅದನ್ನು ಆರೋಗ್ಯಕ್ಕೆಂದು ಮಾಡಲಿಲ್ಲ. ಆ ಕೆಲಸಗಳು ಹೋದಾಗ ಅವುಗಳ ಜೊತೆ ಹೋದದ್ದೇನು ಎಂದೂ ನಾವು ಲೆಕ್ಕ ಹಾಕಲಿಲ್ಲ.

ಎಳೆಬಿಸಿಲನ್ನು ಹೀಗೆಂದು ತಳ್ಳಿಹಾಕಬಾರದು. ಅದರ ಕೆಲಸ ಬೇರೆ ಹಾರ್ಮೋನುಗಳ ಮೇಲೆ, ಅದರ ದ್ವಾರ ಕಣ್ಣು. ಈ ಶತಮಾನದ ಆರಂಭದಲ್ಲಿ ಕಣ್ಣಿನ ಅಕ್ಷಿಪಟಲದಲ್ಲಿ ಹೊಸ ಬಗೆಯ ಕೋಶಗಳು ಬೆಳಕಿಗೆ ಬಂದವು. ಚಿತ್ರ ಕಾಣಿಸುವುದು ಇವುಗಳ ಮುಖ್ಯ ಕೆಲಸವಲ್ಲ. ‘ಈಗ ಹಗಲು’ ಎಂಬ ಸುದ್ದಿಯನ್ನು ಮಿದುಳಿನ ಗಡಿಯಾರಕ್ಕೆ ಇವು ಮುಟ್ಟಿಸುತ್ತವೆ. ಆ ಗಡಿಯಾರ ರಾತ್ರಿಯ ಹಾರ್ಮೋನು ಮೆಲಟೋನಿನ್ನನ್ನು ನಿಲ್ಲಿಸುತ್ತದೆ, ಮತ್ತೆ ಯಾವಾಗ ಶುರುಮಾಡಬೇಕೆಂದು ನಿಗದಿ ಮಾಡುತ್ತದೆ. ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗಿನ ನೆರಳಿನಲ್ಲೇ ಅದು ಹತ್ತು ಸಾವಿರ ದಾಟಬಹುದು, ಬಯಲಿನಲ್ಲಿ ಒಂದು ಲಕ್ಷದವರೆಗೆ ಹೋಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ ಎನ್ನುವವರಿಗೆ ಬೆಳಗಿನ ಅರ್ಧ ಗಂಟೆ ನಡಿಗೆ ಎಷ್ಟೋ ಮಾತ್ರೆಗಳಿಗಿಂತ ಮೇಲು. ಮಕ್ಕಳಿಗೆ ಇನ್ನೊಂದು ಲಾಭವಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಶೇಕಡ 39.5ರ ಬದಲು ಶೇಕಡ 30.4ಕ್ಕೆ ಇಳಿಯಿತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಸಿಕ್ಕದ್ದು ಔಷಧಿಯಿಂದಲ್ಲ, ಆಟದ ಬಯಲಿನಿಂದ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ನಮ್ಮ ಶಾಲೆಗಳು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಬಿಸಿಲಿಗೂ ಮೂಳೆಗೂ ಇರುವ ನಂಟು ಕಂಡುಕೊಂಡ ಕಥೆ ಯುರೋಪಿನ ಕಾರ್ಖಾನೆ ನಗರಗಳದು. ಹೊಗೆ ಮುಸುಕಿದ ಓಣಿಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿತ್ತು. ರಿಕೆಟ್ಸ್ ಎಂದು ಅದಕ್ಕೆ ಹೆಸರು. 1822ರಲ್ಲೇ ಪೋಲೆಂಡಿನ ವೈದ್ಯ ಸ್ನ್ಯಾಡೆಟ್ಸ್ಕಿ ಪೇಟೆಯ ಮಕ್ಕಳಿಗೆ ಬರುವ ಈ ಕಾಯಿಲೆ ಹಳ್ಳಿಯ ಮಕ್ಕಳಲ್ಲಿ ವಿರಳವೆಂದು ಗಮನಿಸಿ ಬಿಸಿಲನ್ನೇ ಮದ್ದೆಂದು ಹೇಳಿದ್ದರು. ಯಾರೂ ಕೇಳಲಿಲ್ಲ. ಸುಮಾರು ನೂರು ವರ್ಷ ಕಳೆದು 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಷಿನ್ಸ್ಕಿ ಪಾದರಸದ ದೀಪದ ಬೆಳಕಿನಿಂದ ಮಕ್ಕಳ ರಿಕೆಟ್ಸ್ ವಾಸಿಮಾಡಿ ತೋರಿಸಿದರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಿಗೆ ಕಾಡ್ ಮೀನಿನ ಎಣ್ಣೆ ಕೊಟ್ಟು ಅದೇ ಫಲ ಪಡೆದರು. ಬಿಸಿಲೋ ಎಣ್ಣೆಯೋ ಎಂಬ ವಾದ ಎರಡೂ ಒಂದೇ ಎಂದು ತಿಳಿದಾಗ ಮುಗಿಯಿತು.

ಭಾರತದ ಪುಟ ಇನ್ನೂ ಗಾಢವಾದದ್ದು. 1922ರಲ್ಲಿ ನಾಸಿಕದ ಕಡೆಯಿಂದ ಹಚಿಸನ್ ಮತ್ತು ಷಾ ಎಂಬಿಬ್ಬರು ಬರೆದ ವರದಿಯಲ್ಲಿ ರಿಕೆಟ್ಸ್ ಮತ್ತು ಮೂಳೆ ಮೆತ್ತಗಾಗುವ ಕಾಯಿಲೆ ಕಂಡದ್ದು ಬಡವರ ಮನೆಯಲ್ಲಲ್ಲ, ಪರದೆ ಪಾಲಿಸುವ ಉಳ್ಳವರ ಮನೆಯಲ್ಲಿ. ಒಳ್ಳೆಯ ಊಟ ಉಣ್ಣುವ ಹೆಂಗಸರು ಅಂಗಳ ದಾಟದೆ ಮೂಳೆ ಕಳೆದುಕೊಂಡಿದ್ದರು. ಅರೆಹೊಟ್ಟೆಯ ಕೂಲಿಹೆಂಗಸರು ಹೊಲದಲ್ಲಿ ನಿಂತು ಮೂಳೆ ಉಳಿಸಿಕೊಂಡಿದ್ದರು. ಮುಂದೆ 1960ರ ದಶಕದಲ್ಲಿ ಗ್ಲಾಸ್ಗೋ ನಗರಕ್ಕೆ ವಲಸೆ ಹೋದ ಭಾರತ, ಪಾಕಿಸ್ತಾನದ ಕುಟುಂಬಗಳಲ್ಲಿ ರಿಕೆಟ್ಸ್ ಮತ್ತೆ ಕಾಣಿಸಿಕೊಂಡಿತು. ಕಪ್ಪು ಮೈಬಣ್ಣ, ಮಂಕು ಆಕಾಶ, ಚಪಾತಿಯ ಊಟ, ಮನೆಯೊಳಗಿನ ಬದುಕು ಎಲ್ಲ ಸೇರಿದ್ದವು. ಮೆಲನಿನ್ ಹೆಚ್ಚಿರುವ ಚರ್ಮ ಅಷ್ಟೇ ಡಿ ತಯಾರಿಸಲು ಬಿಳಿಯರ ಚರ್ಮಕ್ಕಿಂತ ಹಲವು ಪಟ್ಟು ಹೊತ್ತು ಬಿಸಿಲು ಬೇಡುತ್ತದೆ. ಬಿಸಿಲ ನಾಡಿನಲ್ಲಿ ಅದು ನಮ್ಮ ರಕ್ಷಾಕವಚ, ಬಿಸಿಲಿಲ್ಲದ ಊರಿನಲ್ಲಿ ಅದೇ ತೊಡಕು. ಲಂಡನ್, ಟೊರಾಂಟೊಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಈ ಮಾತು ನೇರವಾಗಿ ತಾಗುತ್ತದೆ. ಬ್ರಿಟನ್ ಸರ್ಕಾರ 2016ರಿಂದ ಎಲ್ಲರಿಗೂ ಚಳಿಗಾಲದಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳಲು ಹೇಳುತ್ತದೆ. ಕಪ್ಪು ಮೈಬಣ್ಣದವರು ವರ್ಷಪೂರ್ತಿ ತೆಗೆದುಕೊಳ್ಳುವುದು ಒಳ್ಳೆಯದೆನ್ನುತ್ತದೆ. ಅಲ್ಲಿರುವವರು ಪರೀಕ್ಷೆಗೂ ಕಾಯಬೇಕಾಗಿಲ್ಲ.

ನಮ್ಮ ಊರಿನಲ್ಲಿ ಕೊರತೆ ಇದೆಯೇ? ಇದೆ. 2000ದಲ್ಲಿ ದೆಹಲಿಯ ಏಮ್ಸ್‌ನ ರವೀಂದರ್ ಗೋಸ್ವಾಮಿ ಮತ್ತವರ ಸಂಗಡಿಗರ ಅಧ್ಯಯನ ಪ್ರಕಟವಾದಾಗ ಹಲವರಿಗೆ ನಂಬಲಾಗಲಿಲ್ಲ. ಆರೋಗ್ಯವಂತ ಡಾಕ್ಟರು, ನರ್ಸುಗಳ ಮಟ್ಟ ತೀರಾ ಕೆಳಗಿತ್ತು. ಬಯಲಿನಲ್ಲಿ ಕವಾಯತು ಮಾಡುವ ಸೈನಿಕರ ಮಟ್ಟ ಎಲ್ಲರಿಗಿಂತ ಚೆನ್ನಾಗಿತ್ತು. ತಿರುಪತಿಯ ಸುತ್ತಲೂ ಹಳ್ಳಿಯವರು ಪೇಟೆಯವರಿಗಿಂತ ಮೇಲಿದ್ದರು. ದೆಹಲಿಯ ಹೊಗೆ ಮುಸುಕಿದ ಬಡಾವಣೆಯ ಕೂಸುಗಳಿಗಿಂತ ಸ್ವಚ್ಛ ಗಾಳಿಯ ಕಡೆಯ ಕೂಸುಗಳು ಮೇಲಿದ್ದವು. ಗಾಜಿನ ಕಿಟಕಿ ಬಿ ಕಿರಣವನ್ನು ತಡೆಯುತ್ತದೆ, ಆದ್ದರಿಂದ ಕಾರಿನಲ್ಲಿ ಕುಳಿತು ಕೈ ಸುಟ್ಟುಕೊಂಡರೂ ಡಿ ಬರುವುದಿಲ್ಲ. ಹತ್ತಕ್ಕೆ ಆಫೀಸು ಸೇರಿ ಆರಕ್ಕೆ ಹೊರಬೀಳುವವರಿಗೆ ಸಿಗುವುದು ಎಳೆಬಿಸಿಲು, ಸಂಜೆಬಿಸಿಲು ಮಾತ್ರ.

ಆದರೆ ಕೊರತೆ ಇದೆ ಎನ್ನುವುದು ಒಂದು ಮಾತು, ಲ್ಯಾಬು ‘ಕೊರತೆ’ ಎಂದು ಬರೆದವರೆಲ್ಲ ರೋಗಿಗಳು ಎನ್ನುವುದು ಬೇರೆಯೇ ಮಾತು. ಈ ಎರಡರ ನಡುವೆ ಒಂದು ಗೆರೆಯ ಕಥೆಯಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು ಎಂದಿತು. ಮುಂದಿನ ವರ್ಷವೇ ಎಂಡೋಕ್ರೈನ್ ಸೊಸೈಟಿ ಎಂಬ ವೈದ್ಯರ ಸಂಘ 30 ಬೇಕು ಎಂದು ಗೆರೆಯನ್ನು ಮೇಲೇರಿಸಿತು. ಲ್ಯಾಬುಗಳು ಎರಡನೆಯದನ್ನೇ ಹಿಡಿದುಕೊಂಡವು. ಒಂದು ಗೆರೆ ಜರುಗಿದ್ದಕ್ಕೆ ಲೋಕದ ಅರ್ಧ ಜನ ರಾತ್ರೋರಾತ್ರಿ ಕೊರತೆಯವರಾದರು. 20 ಎಂಬುದು ಕೂಡ ಬಹುತೇಕ ಎಲ್ಲರಿಗೂ ಸಾಲುವಷ್ಟು ಎಂಬ ಅರ್ಥದ ಅಂಕೆ. ಅದಕ್ಕಿಂತ ಕೆಳಗಿರುವ ಹಲವರಿಗೂ ತಮ್ಮ ಮಟ್ಟಿಗೆ ಸಾಲುವಷ್ಟಿರುತ್ತದೆ. 20ರ ಕೆಳಗಿರುವವರೆಲ್ಲ ಕೊರತೆಯವರು ಎಂದು ಓದುವುದು ಲೆಕ್ಕದ ತಪ್ಪೆಂದು 2016ರಲ್ಲಿ 20ರ ಗೆರೆ ಎಳೆದ ಸಮಿತಿಯಲ್ಲಿದ್ದವರೇ ಬರೆದರು. ಕಡೆಗೆ 2024ರಲ್ಲಿ ಎಂಡೋಕ್ರೈನ್ ಸೊಸೈಟಿ ತನ್ನ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಂತರು ಸುಮ್ಮನೆ ಈ ಪರೀಕ್ಷೆ ಮಾಡಿಸುವುದು ಬೇಡ ಎಂದೂ ಸಲಹೆ ಕೊಟ್ಟಿತು. ಗೆರೆ ಎಳೆದವರೇ ಅಳಿಸಿದರು. ನಮ್ಮ ಎಷ್ಟೋ ವರದಿಗಳ ಮೇಲೆ ಆ ಗೆರೆ ಇನ್ನೂ ಇದೆ. ಇದು ಜನರಿಗೆ ಆಗುತ್ತಿರುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಮಾತ್ರೆಯ ಫಲವೇನು ಎಂಬ ಪ್ರಶ್ನೆಗೆ ಕಳೆದ ದಶಕದಲ್ಲಿ ಸ್ಪಷ್ಟ ಉತ್ತರ ಬಂದಿದೆ. ಡಿ ಕಡಿಮೆ ಇರುವವರಲ್ಲಿ ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆ, ಖಿನ್ನತೆ ಎಲ್ಲವೂ ಹೆಚ್ಚೆಂದು ನೂರಾರು ಅಧ್ಯಯನಗಳು ಹೇಳಿದ್ದವು. ಕಾಯಿಲೆ ಬಿದ್ದವರು, ಬೊಜ್ಜಿನವರು, ವಯಸ್ಸಾದವರು ಮನೆಯೊಳಗೆ ಇರುತ್ತಾರೆ, ಆದ್ದರಿಂದಲೇ ಅವರ ಡಿ ಇಳಿದಿರುತ್ತದೆ ಎಂಬುದನ್ನು ಬೇರ್ಪಡಿಸಿ ನೋಡುವುದು ಕಷ್ಟವಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧವಿದೆಯೇ ಎಂದು ನೋಡಬೇಕಾದರೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಹುಸಿಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಅಮೆರಿಕದ ವೈಟಲ್ ಎಂಬ ಪ್ರಯೋಗ 25,871 ಜನರಲ್ಲಿ ಅದನ್ನೇ ಮಾಡಿತು. ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕಿಂತ ಹೆಚ್ಚು. ಕ್ಯಾನ್ಸರ್ ತಗ್ಗಲಿಲ್ಲ, ಹೃದಯಾಘಾತ ತಗ್ಗಲಿಲ್ಲ, 2022ರಲ್ಲಿ ಬಂದ ಲೆಕ್ಕದ ಪ್ರಕಾರ ಮೂಳೆ ಮುರಿತವೂ ತಗ್ಗಲಿಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಸಂಧಿವಾತದಂಥ ಕಾಯಿಲೆಗಳು ಮಾತ್ರ ಒಂದಿಷ್ಟು ಕಡಿಮೆಯಾದವು. ಆಸ್ಟ್ರೇಲಿಯಾದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರಿಗೆ ತಿಂಗಳಿಗೊಮ್ಮೆ 60,000 ಯೂನಿಟ್, ಎಂದರೆ ನಮ್ಮ ಪೊಟ್ಟಣದ್ದೇ ಅಳತೆ, ಐದು ವರ್ಷ ಕೊಟ್ಟರು. ಸಾವಿನ ಪ್ರಮಾಣ ಇಳಿಯಲಿಲ್ಲ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಅಮೆರಿಕದ ಆ ಜನರಲ್ಲಿ ಬಹುಪಾಲು ಮಂದಿಗೆ ಮೊದಲೇ ಸಾಕಷ್ಟು ಡಿ ಇತ್ತು, ಹೊಟ್ಟೆ ತುಂಬಿದವರಿಗೆ ಅನ್ನ ಬಡಿಸಿ ಫಲವಿಲ್ಲ ಎಂದರೆ ಹೇಗೆ? ಇದಕ್ಕೆ ಮಂಗೋಲಿಯಾದಿಂದ ಉತ್ತರ ಬಂತು. ಅಲ್ಲಿ 8,851 ಶಾಲಾಮಕ್ಕಳನ್ನು ಸೇರಿಸಿಕೊಂಡರು, ಅವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಕ್ಕಳು 20ರ ಕೆಳಗಿದ್ದರು. ಮೂರು ವರ್ಷ ಡಿ ಕೊಟ್ಟರೂ ಕ್ಷಯದ ಸೋಂಕು ತಗ್ಗಲಿಲ್ಲ. ಡಿ ಮೂಳೆಯ ಹಾರ್ಮೋನು. ತಳ ಕಂಡವರಿಗೆ ಅದನ್ನು ತುಂಬಿಕೊಟ್ಟರೆ ಮೂಳೆ, ಸ್ನಾಯುಗಳು ಚೇತರಿಸಿಕೊಳ್ಳುತ್ತವೆ. ಸೊಂಟ, ತೊಡೆಯ ಮೂಳೆನೋವಿನಿಂದ ಮೆಟ್ಟಿಲು ಹತ್ತಲಾರದೆ ತೂಗಾಡುತ್ತ ನಡೆಯುವ ಹೆಂಗಸು ಕೆಲವೇ ವಾರಗಳಲ್ಲಿ ಸಲೀಸಾಗಿ ನಡೆಯುವುದನ್ನು ನಮ್ಮ ವೈದ್ಯರು ಕಂಡಿದ್ದಾರೆ. ಅದನ್ನು ಸರ್ವರೋಗ ನಿವಾರಕ ಮಾಡಿದ್ದು ನಮ್ಮ ಆಸೆ.

ಹಾರ್ಮೋನುಗಳ ವಿಷಯದಲ್ಲಿ ಇಂಥ ಪಾಠ ಇದೇ ಮೊದಲಲ್ಲ. ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜನ್ ಕೊಟ್ಟರೆ ಹೃದಯಕ್ಕೂ ಒಳ್ಳೆಯದೆಂದು ದಶಕಗಳ ಕಾಲ ನಂಬಿದ್ದರು. 2002ರಲ್ಲಿ ಅಮೆರಿಕದ 16,608 ಹೆಂಗಸರ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆ ಹೆಚ್ಚಾದವೆಂದು ನಡುವೆಯೇ ನಿಲ್ಲಿಸಬೇಕಾಯಿತು. ಹೆದರಿ ಬಹಳ ಮಂದಿ ಮಾತ್ರೆ ಬಿಟ್ಟರು. ಆಮೇಲೆ ವಯಸ್ಸಿನ ಪ್ರಕಾರ ಲೆಕ್ಕ ಬಿಡಿಸಿ ನೋಡಿದಾಗ, ಮುಟ್ಟು ನಿಂತ ಹೊಸತರಲ್ಲಿ ಶುರುಮಾಡಿದವರಿಗೂ ಬಹಳ ವರ್ಷಗಳ ಮೇಲೆ ಶುರುಮಾಡಿದವರಿಗೂ ಅಪಾಯ ಒಂದೇ ಅಲ್ಲ ಎಂದು ಗೊತ್ತಾಯಿತು. ಮೊದಲಿನ ಹೊಗಳಿಕೆ, ನಡುವಿನ ಗಾಬರಿ ಎರಡೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದವು.

ಪೊಟ್ಟಣದ ಅಪಾಯ ಹೇಳಲೇಬೇಕು. ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಡಿ ವಿಷವಾದ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗುತ್ತಿವೆ. ವಾರಕ್ಕೊಂದು ಎಂದು ಬರೆದುಕೊಟ್ಟದ್ದನ್ನು ದಿನಕ್ಕೊಂದು ಎಂದುಕೊಂಡವರು, ಎಂಟು ವಾರ ಎಂದದ್ದನ್ನು ವರ್ಷವಿಡೀ ಮುಂದುವರಿಸಿದವರು, ಒಬ್ಬ ವೈದ್ಯರ ಇಂಜೆಕ್ಷನ್ನಿನ ಮೇಲೆ ಇನ್ನೊಬ್ಬರ ಪೊಟ್ಟಣ ತೆಗೆದುಕೊಂಡವರು. ಒಂದು ಇಂಜೆಕ್ಷನ್ನಿನಲ್ಲಿ ಆರು ಲಕ್ಷ ಯೂನಿಟ್‌ವರೆಗೂ ಇರುತ್ತದೆ, ಬೆಳೆದವರಿಗೆ ದಿನಕ್ಕೆ ಬೇಕಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ 600. ಡಿ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ಬೇಗ ಹೊರಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಮಂಕು ಬರುತ್ತವೆ, ಮೂತ್ರಪಿಂಡ ಸೋಲುವವರೆಗೂ ಹೋಗುತ್ತದೆ. ಒಮ್ಮೆಗೇ ಬಹಳ ಕೊಡುವುದು ಬೇರೆ ರೀತಿಯಲ್ಲೂ ಕೆಡುಕು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2,256 ಹೆಂಗಸರ ಪ್ರಯೋಗದಲ್ಲಿ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಪಡೆದವರೇ ಹೆಚ್ಚು ಬಿದ್ದರು, ಅವರದೇ ಮೂಳೆ ಹೆಚ್ಚು ಮುರಿಯಿತು. 2010ರಲ್ಲಿ ಬಂದ ಈ ಫಲಿತಾಂಶ ನಮ್ಮಲ್ಲಿ ಇನ್ನೂ ಎಲ್ಲರ ಕಿವಿಗೆ ಬಿದ್ದಂತಿಲ್ಲ.

ಬಿಸಿಲು ಸಾಕಷ್ಟಿದ್ದರೂ ಮೂಳೆ ಬಾಗಬಹುದು ಎಂಬುದನ್ನು ನೈಜೀರಿಯಾದ ಮಕ್ಕಳು ಕಲಿಸಿದರು. ಅಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ರಿಕೆಟ್ಸ್ ಇತ್ತು. 1999ರಲ್ಲಿ ಥ್ಯಾಚರ್ ಮತ್ತು ಸಂಗಡಿಗರು ನೋಡಿದಾಗ ಬರೀ ಡಿ ಕೊಟ್ಟ ಮಕ್ಕಳಿಗಿಂತ ಕ್ಯಾಲ್ಸಿಯಂ ಕೊಟ್ಟ ಮಕ್ಕಳು ಚೆನ್ನಾಗಿ ಗುಣವಾದರು. ಹಾರ್ಮೋನು ಬಾಗಿಲು ತೆರೆದರೂ ಒಳಗೆ ಬರಲು ಕ್ಯಾಲ್ಸಿಯಂ ಇರಬೇಕಲ್ಲ. ದಕ್ಷಿಣ ಭಾರತದ ಊಟದಲ್ಲಿ ಅದೇ ಕಡಿಮೆ ಎಂದು ತಿರುಪತಿಯ ಅಧ್ಯಯನಗಳೂ ಹೇಳಿದವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ಹಿಡಿದಿಡುವ ಫೈಟೇಟ್ ಕೂಡ ರಾಗಿಯಲ್ಲಿದೆ, ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಅದು ತಗ್ಗುತ್ತದೆ. ಕೂಸಿಗೆ ಮೊಳಕೆ ರಾಗಿಯ ಸರಿ ಮಾಡಿ ಉಣಿಸಿದ ನಮ್ಮ ತಾಯಂದಿರು ಈ ಲೆಕ್ಕವನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಮಾತ್ರೆಗೆ ಕೊಡುವ ಗಮನದ ಅರ್ಧದಷ್ಟನ್ನು ಹಾಲು, ಮೊಸರು, ರಾಗಿ, ಎಳ್ಳು, ಸೊಪ್ಪಿಗೆ ಕೊಟ್ಟರೆ ಹೆಚ್ಚು ಮೂಳೆ ಉಳಿದಾವು.

ಈಗ ಚರ್ಮದ ಡಾಕ್ಟರ ಚೀಟಿ. ಸೂರ್ಯನ ಕಿರಣ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಹೇಳಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಭಯದ ಮೂಲ ಬಿಳಿಯರು ಹೋಗಿ ನೆಲೆಸಿದ ಆಸ್ಟ್ರೇಲಿಯಾದಂಥ ನಾಡು. ಕಂದು ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಬಹಳ ವಿರಳ. ನಮಗೆ ಹೆಚ್ಚು ಸಂಬಂಧಿಸಿದ್ದು ಬಂಗು. ಬಸುರಿನಲ್ಲಿ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವಾಗ ಕೆನ್ನೆ, ಹಣೆಯ ಮೇಲೆ ಕಂದು ಮಚ್ಚೆ ಹರಡುವುದು ಹಾರ್ಮೋನು ಮತ್ತು ಬಿಸಿಲು ಕೈಜೋಡಿಸಿದ ಫಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಬಣ್ಣದ ಕೋಶಗಳನ್ನು ಕೆರಳಿಸಿ ಇಟ್ಟಿರುತ್ತವೆ, ಬಿಸಿಲು ತಾಗಿದ ಕೂಡಲೇ ಬಣ್ಣ ಕಟ್ಟುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಇದನ್ನು ಹೆಚ್ಚಿಸುವುದರಿಂದ ಸಾಮಾನ್ಯ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ವಾಸಿ. ಇನ್ನು ಲೂಪಸ್ ಇರುವವರಿಗೆ ಬಿಸಿಲು ರೋಗವನ್ನೇ ಕೆರಳಿಸಬಹುದು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುವಾಗ ಚರ್ಮ ಬೇಗ ಸುಡುತ್ತದೆ. ತೊನ್ನಿನ ಬಿಳಿ ಭಾಗಕ್ಕೂ ಅದೇ ತೊಂದರೆ. ಹುಟ್ಟಿನಿಂದ ಮೈಬಣ್ಣವಿಲ್ಲದವರಿಗೆ ಕ್ಯಾನ್ಸರ್ ಭಯ ನಿಜವಾದದ್ದು. ಇವರೆಲ್ಲ ಬಿಸಿಲಿನ ಬದಲು ಮಾತ್ರೆಯನ್ನೇ ನೆಚ್ಚಬೇಕು, ಅದರಲ್ಲಿ ಸೋಲೇನಿಲ್ಲ.

ಉಳಿದವರಿಗೆ ಎರಡು ಚೀಟಿಗಳ ಜಗಳ ಕಾಣುವಷ್ಟು ದೊಡ್ಡದಲ್ಲ. ಮುಖ ಇಡೀ ಮೈಯ ಚರ್ಮದಲ್ಲಿ ನೂರಕ್ಕೆ ಐದು ಭಾಗವೂ ಇಲ್ಲ, ಎರಡು ತೋಳು ಸೇರಿದರೆ ಸುಮಾರು ಹದಿನೆಂಟು ಭಾಗ. ಡಿ ತಯಾರಿಸಲು ಮುಖವೇ ಬೇಕೆಂದಿಲ್ಲ. ಮುಖಕ್ಕೆ ಸನ್‌ಸ್ಕ್ರೀನ್, ತಲೆಗೆ ಟೋಪಿ ಅಥವಾ ಸೆರಗು, ತೋಳು, ಕಾಲು ತೆರೆದ ಬಿಸಿಲಿಗೆ. ಬಂಗು ಇರುವವಳಿಗೂ ಇದು ಒಗ್ಗುತ್ತದೆ. ಚರ್ಮ ಕೆಂಪಾಗುವ, ಉರಿಯುವ ಮೊದಲೇ ನೆರಳಿಗೆ ಬಂದುಬಿಡಬೇಕು, ಸುಟ್ಟುಕೊಂಡರೆ ಡಿ ಹೆಚ್ಚಾಗುವುದಿಲ್ಲ.

ಊರನ್ನೂ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಅಲ್ಲಿಯವರಿಗೆ ಹನ್ನೆರಡು ಗಂಟೆಯ ಬಿಸಿಲಿಗೆ ಹೋಗಿ ಎನ್ನುವುದು ಸಾವಿನ ಸಲಹೆ. ನೆರಳು ಎತ್ತರಕ್ಕಿಂತ ಗಿಡ್ಡವಾಗುವ ಹತ್ತು ಗಂಟೆಯ ಹೊತ್ತೇ ಅವರಿಗೆ ಸಾಕು. ರಾಯಚೂರಿನ ಹೊಲದಲ್ಲಿ ದಿನವಿಡೀ ಹತ್ತಿ ಬಿಡಿಸುವ ತಾಯಿಗೆ ಡಿ ಪರೀಕ್ಷೆಯೇ ಬೇಡ. ಅವಳಿಗೆ ಬೇಕಾದದ್ದು ನೀರು, ನೆರಳು, ಊಟದಲ್ಲಿ ಕ್ಯಾಲ್ಸಿಯಂ. ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡಿ ಹಗಲು ಮಲಗುವ ಹುಡುಗಿ ಎರಡು ಬಿಸಿಲನ್ನೂ ಕಳೆದುಕೊಂಡಿದ್ದಾಳೆ, ಅವಳಿಗೆ ದಿನಕ್ಕೆ 600 ಯೂನಿಟ್ಟಿನ ಸಣ್ಣ ಮಾತ್ರೆ ತಪ್ಪಲ್ಲ. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಉಳಿದುಬಿಟ್ಟ ಎಂಬತ್ತರ ಅಜ್ಜನ ಚರ್ಮಕ್ಕೆ ಡಿ ತಯಾರಿಸುವ ಶಕ್ತಿಯೇ ಕುಗ್ಗಿರುತ್ತದೆ. ಎಪ್ಪತ್ತೈದು ದಾಟಿದವರು ಪರೀಕ್ಷೆಯಿಲ್ಲದೆಯೇ ಡಿ ತೆಗೆದುಕೊಳ್ಳಬಹುದು, ದೊಡ್ಡ ಪೊಟ್ಟಣಕ್ಕಿಂತ ದಿನದ ಸಣ್ಣ ಮಾತ್ರೆ ಮೇಲು ಎಂದು ಎಂಡೋಕ್ರೈನ್ ಸೊಸೈಟಿಯ 2024ರ ಸಲಹೆಯೂ ಹೇಳುತ್ತದೆ. ಸಸ್ಯಾಹಾರಿಗಳು ಒಂದು ಮಾತು ತಿಳಿದಿರಲಿ, ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನಂಥ ಲೈಕನ್‌ಗಳಿಂದ ತೆಗೆದದ್ದೂ ಸಿಗುತ್ತದೆ, ಕೇಳಿ ಪಡೆಯಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಸಲ್ಲಬೇಕಾದದ್ದು ಬಾಣಂತಿಗೆ ಮತ್ತು ಕೂಸಿಗೆ. ಕತ್ತಲ ಕೋಣೆ, ಮುಚ್ಚಿದ ಕಿಟಕಿ, ಕಿವಿಗೆ ಸುತ್ತಿದ ಬಟ್ಟೆ, ತಿಂಗಳುಗಟ್ಟಲೆ ಹೊರಗೆ ಬರದ ಬಾಣಂತನದಲ್ಲಿ ತಾಯಿಯ ಡಿ ಇಳಿದಿರುತ್ತದೆ. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಬರುವುದಿಲ್ಲ, ಇದ್ದರೂ ಎದೆಹಾಲಿನಲ್ಲಿ ಡಿ ಕಡಿಮೆಯೇ. ಅದಕ್ಕೇ ಭಾರತದ ಮಕ್ಕಳ ತಜ್ಞರ ಸಂಘ ಮೊದಲ ವರ್ಷ ಪ್ರತಿ ಕೂಸಿಗೂ ದಿನಕ್ಕೆ 400 ಯೂನಿಟ್ಟಿನ ಹನಿ ಹಾಕಲು ಹೇಳುತ್ತದೆ. ಎಳೆಬಿಸಿಲಿಗೆ ಹಿಡಿದದ್ದು ಸಾಕೆಂದು ಆ ಹನಿ ಬಿಡಬೇಡಿ. ಹನಿಯ ಬಾಟಲಿಯ ಮೇಲೆ ಒಂದು ಮಿಲಿಲೀಟರಿನಲ್ಲಿ 400 ಇದೆಯೋ 800 ಇದೆಯೋ ಓದಿ, ಎರಡೂ ಬಗೆ ಅಂಗಡಿಯಲ್ಲಿವೆ.

ಮನೆಯಲ್ಲಿ ಯಾರಿಗಾದರೂ 60,000ದ ಪೊಟ್ಟಣ ಬರೆದುಕೊಟ್ಟಿದ್ದರೆ ಇವತ್ತೇ ಆ ಚೀಟಿ ತೆಗೆದು ನೋಡಿ. ದಿನಕ್ಕೋ ವಾರಕ್ಕೋ, ಎಷ್ಟು ವಾರ, ಯಾವಾಗ ನಿಲ್ಲಿಸಬೇಕು ಎಂಬುದು ಅದರಲ್ಲಿ ಇಲ್ಲದಿದ್ದರೆ ಡಾಕ್ಟರ ಬಳಿ ಹೋಗಿ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ.